ಕಡಲಿಲ್ಲದ ಊರಿಗೆ ಕಡಲ ಪಾಠದ ಮೇಷ್ಟ್ರು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಂದು ಸಹಾಯಕ ಪ್ರಾಧ್ಯಾಪಕ ಹುದ್ದೆ ತುಂಬಲು ಅನುಮತಿ ಸಿಕ್ಕಿದೆ. ಸಾಗರ ಜೀವಶಾಸ್ತ್ರ ಪಾಠ ಮಾಡುವವರೇ ಬೇಕು. ಅಧಿಸೂಚನೆಯಲ್ಲಿ ಅರ್ಹತೆಯನ್ನು ಹೇಗೆ ಬರೆಯಬೇಕು?
– ವಿಭಾಗದ ಮುಖ್ಯಸ್ಥರೊಬ್ಬರು, ಮೈಸೂರು

ಉತ್ತರ: ನೀವು ಕೇಳಿರುವ ಆ ಒಂದು ಸಾಲಿನಲ್ಲೇ ನೇಮಕಾತಿ ಗೆಲ್ಲುವುದು, ಇಲ್ಲವೇ ಕೋರ್ಟಿನ ಮೆಟ್ಟಿಲು ಹತ್ತುವುದು. ‘ಪ್ರಾಣಿಶಾಸ್ತ್ರ’ ಎಂದಷ್ಟೇ ಬರೆದರೆ ಕೀಟಶಾಸ್ತ್ರ, ತಳಿವಿಜ್ಞಾನ, ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರೆಲ್ಲ ಅರ್ಹರಾಗುತ್ತಾರೆ. ‘ನೀವು ಕಡಲಿನ ವಿಷಯ ಓದಿಲ್ಲ’ ಎಂದು ಅವರನ್ನು ಆಮೇಲೆ ಕೈಬಿಡಲು ಬರುವುದಿಲ್ಲ. ‘ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಆದವರು ಮಾತ್ರ’ ಎಂದು ಬಿಗಿ ಮಾಡಿದರೆ ತೊಂದರೆ ಬೇರೆ ಥರದ್ದು. ರಾಜ್ಯದಲ್ಲಿ ಈ ಪದವಿ ಪಡೆದವರೇ ಕಡಿಮೆ. ಮೀಸಲಾತಿ ಸರದಿಯ ರೋಸ್ಟರ್ ಬಿಂದು ಬಿದ್ದ ವರ್ಗದಲ್ಲಿ ಅರ್ಜಿಯೇ ಬಾರದೆ ಹುದ್ದೆ ಖಾಲಿ ಉಳಿಯಬಹುದು. ‘ಅಪೇಕ್ಷಣೀಯ’ ಎಂದು ಕೆಳಗೆ ಸೇರಿಸುವ ಸಾಲನ್ನು ನಂಬಬೇಡಿ. ಅದು ಅರ್ಹತೆಯಲ್ಲ, ಆ ಕಾರಣಕ್ಕೆ ಯಾರ ಅರ್ಜಿಯೂ ಬಿದ್ದುಹೋಗುವುದಿಲ್ಲ.

ನಡುವಿನ ದಾರಿ ಹೀಗೆ: ಸಾಗರ ಜೀವಶಾಸ್ತ್ರ, ಜಲಜೀವಶಾಸ್ತ್ರ, ಸಾಗರ ವಿಜ್ಞಾನ ಈ ಯಾವುದರಲ್ಲಾದರೂ ಎಂ.ಎಸ್ಸಿ. ಇರಬೇಕು, ಅಥವಾ ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಸಾಗರ ಜೀವಶಾಸ್ತ್ರವನ್ನು ವಿಶೇಷ ಪತ್ರಿಕೆಯಾಗಿ ಓದಿರಬೇಕು, ಇಲ್ಲವೇ ಕಡಲ ಜೀವಿಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆದಿರಬೇಕು. ಯಾವ ಪದವಿ ಯಾವುದಕ್ಕೆ ತತ್ಸಮಾನ ಎಂಬುದನ್ನು ಅಧ್ಯಯನ ಮಂಡಳಿಯ ಸಭೆಯಲ್ಲಿ ನಿರ್ಣಯ ಮಾಡಿಸಿ ಮೊದಲೇ ಕಡತಕ್ಕೆ ಸೇರಿಸಿ. ಅರ್ಜಿಗಳು ಕೈಗೆ ಬಂದ ಮೇಲೆ ಮಂಡಳಿ ಕರೆದು ತತ್ಸಮಾನತೆ ತೀರ್ಮಾನಿಸುವುದೇ ಎಷ್ಟೋ ಕಡೆ ನಡೆದಿರುವ ತಪ್ಪು. ನೇಮಕಾತಿ ಶುರುವಾದ ಮೇಲೆ, ಇರುವ ನಿಯಮದಲ್ಲಾಗಲಿ ಅಧಿಸೂಚನೆಯಲ್ಲಾಗಲಿ ಅವಕಾಶವಿಲ್ಲದಿದ್ದರೆ, ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ವಿಷಯ ತಜ್ಞರ ಪಟ್ಟಿಯನ್ನೂ ಈಗಲೇ ನೋಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಆಯ್ಕೆ ಸಮಿತಿಯಲ್ಲಿ ಮೂವರು ವಿಷಯ ತಜ್ಞರಿರಬೇಕು. ಸಭೆ ಸಿಂಧುವಾಗಲು (ಕೋರಂಗೆ) ಕನಿಷ್ಠ ನಾಲ್ವರು ಸದಸ್ಯರು ಹಾಜರಿರಬೇಕು, ಅವರಲ್ಲಿ ಇಬ್ಬರು ಹೊರಗಿನ ತಜ್ಞರಾಗಿರಬೇಕು. ಪಟ್ಟಿಯಲ್ಲಿ ಬರೀ ಸಾಮಾನ್ಯ ಪ್ರಾಣಿಶಾಸ್ತ್ರದವರನ್ನೇ ತುಂಬಿದರೆ ಅಭ್ಯರ್ಥಿಯ ಕಡಲ ಜ್ಞಾನವನ್ನು ಅಳೆಯುವವರೇ ಇರುವುದಿಲ್ಲ. ಕಾರವಾರ, ಗೋವಾ, ಕೊಚ್ಚಿ, ತಮಿಳುನಾಡಿನ ಪರಂಗಿಪೇಟೆಯ ವಿಭಾಗಗಳಲ್ಲಿ ಪ್ರಾಧ್ಯಾಪಕರಿದ್ದಾರೆ. ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸಿ ಅನುಮೋದನೆ ಪಡೆಯಿರಿ.

ಪ್ರಶ್ನೆ: ನಾನು ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಈ ವಿಷಯಕ್ಕೆ ನೆಟ್ (ಬೋಧಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲವೇ ಇಲ್ಲ ಎನ್ನುತ್ತಾರೆ. ಪಿಎಚ್.ಡಿ. ಈಗ ಕಡ್ಡಾಯವಲ್ಲವಂತೆ, ಹಾಗಾದರೆ ಬಿಟ್ಟುಬಿಡಲೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸಾಗರ ಜೀವಶಾಸ್ತ್ರ ಎಂಬ ಹೆಸರಿನ ಪತ್ರಿಕೆ ಇಲ್ಲ, ನಿಜ. ನೀವು ಬರೆಯಬೇಕಾದದ್ದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ, ಅಂದರೆ ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ. ಅದರ 13 ಘಟಕಗಳಲ್ಲಿ ಜೀವವೈವಿಧ್ಯ, ಪರಿಸರ ತತ್ವಗಳು, ವಿಕಾಸ ಮತ್ತು ವರ್ತನೆ ನಿಮಗೆ ಹತ್ತಿರದವು. ಅಣುಜೀವಶಾಸ್ತ್ರ ಮತ್ತು ಜೀವಕೋಶದ ಘಟಕಗಳಲ್ಲಿ ಕಡಲ ಕಡೆಯವರು ಎಡವುತ್ತಾರೆ. ಒಟ್ಟು 200 ಅಂಕಗಳಲ್ಲಿ 100 ಇರುವುದು ‘ಸಿ’ ಭಾಗದಲ್ಲಿ. ಅಲ್ಲಿ 75 ಪ್ರಶ್ನೆಗಳಲ್ಲಿ 25ಕ್ಕೆ ಉತ್ತರಿಸಿದರೆ ಸಾಕು. ಹಾಗಾಗಿ ಎಲ್ಲ ಘಟಕಗಳನ್ನೂ ಅರೆಬರೆ ಓದುವ ಬದಲು ಆರೇಳನ್ನು ಆಳವಾಗಿ ಓದುವುದೇ ಲಾಭ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲೂ ಜೀವವಿಜ್ಞಾನ ಇದೆ, ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೀನುಗಾರಿಕೆ ವಿಷಯಗಳಿಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ, ಅಂದರೆ ಎಎಸ್‌ಆರ್‌ಬಿ ನಡೆಸುವ ನೆಟ್ ಮುಖ್ಯವಾಗಿ ಕೃಷಿ, ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯಗಳಿಗಾಗಿ ಇರುವುದು. ಯುಜಿಸಿ ನಿಯಮಾವಳಿ ಹೇಳುವುದು ಯುಜಿಸಿ ಅಥವಾ ಸಿಎಸ್‌ಐಆರ್ ನೆಟ್, ಮತ್ತು ಯುಜಿಸಿ ಮಾನ್ಯ ಮಾಡಿದ ರಾಜ್ಯಮಟ್ಟದ ಸ್ಲೆಟ್, ಸೆಟ್‌ಗಳನ್ನು. ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಎಎಸ್‌ಆರ್‌ಬಿ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಪಿಎಚ್.ಡಿ. ಬಿಡಬೇಡಿ. 2023ರ ಜುಲೈ 1ರಿಂದ ನೆಟ್, ಸ್ಲೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆಯಾಗಿ ಪಿಎಚ್.ಡಿ. ಐಚ್ಛಿಕವಾದದ್ದು ಹೌದು. ಆದರೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ತೀರ್ಮಾನಿಸುವ ಅಂಕಪಟ್ಟಿ ನೋಡಿ. ವಿಶ್ವವಿದ್ಯಾಲಯದ ಹುದ್ದೆಗೆ ಬಿ.ಎಸ್ಸಿ.ಯಲ್ಲಿ ಶೇ 60ರಿಂದ 80ರೊಳಗೆ ಬಂದಿದ್ದರೆ 13, ಎಂ.ಎಸ್ಸಿ.ಯಲ್ಲಿ ಅದೇ ಮಟ್ಟಕ್ಕೆ 23, ಬರೀ ನೆಟ್‌ಗೆ 5, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ 7, ಸೆಟ್‌ಗೆ 3. ಪಿಎಚ್.ಡಿ.ಗೆ ಒಂದೇ ಏಟಿಗೆ 30. ಮಾನ್ಯತೆ ಇರುವ ಪತ್ರಿಕೆಯಲ್ಲಿ ಬಂದ ಪ್ರತಿ ಲೇಖನಕ್ಕೆ 2ರಂತೆ ಗರಿಷ್ಠ 10, ಬೋಧನೆ ಅಥವಾ ಪಿಎಚ್.ಡಿ. ನಂತರದ ಸಂಶೋಧನೆಯ ಪ್ರತಿ ವರ್ಷಕ್ಕೆ 2ರಂತೆ ಗರಿಷ್ಠ 10. ನೆಟ್, ಪಿಎಚ್.ಡಿ., ನಾಲ್ಕು ಲೇಖನ, ಎರಡು ವರ್ಷದ ಬೋಧನೆ ಇರುವವರಿಗೆ 83 ಆಗುತ್ತದೆ, ಪಿಎಚ್.ಡಿ. ಒಂದು ಇಲ್ಲದಿದ್ದರೆ 53. ಒಂದೇ ಹುದ್ದೆಗೆ ಸ್ಪರ್ಧೆ ಇರುವಾಗ 53ರವರಿಗೆ ಸಂದರ್ಶನದ ಪತ್ರ ಬರುವುದೇ ಕಷ್ಟ. ಕರೆ ಬಂದ ಮೇಲೆ ಮಾತ್ರ ಈ ಅಂಕಗಳಿಗೆ ಬೆಲೆಯಿಲ್ಲ. ಆಯ್ಕೆ ಸಂದರ್ಶನದ ಮೇಲೆಯೇ ನಡೆಯುತ್ತದೆ.

ಪ್ರಶ್ನೆ: ಸಂದರ್ಶನದಲ್ಲಿ ಎಲ್ಲರೂ ತಮ್ಮ ಪ್ರಬಂಧದ ಸ್ಲೈಡ್ ತೋರಿಸಿ ಹೋಗುತ್ತಾರೆ. ಒಳನಾಡಿನಲ್ಲಿ ಪ್ರಾಯೋಗಿಕ ತರಗತಿ ನಡೆಸುವ ಶಕ್ತಿ ಇದೆಯೇ ಎಂದು ತಿಳಿಯುವುದು ಹೇಗೆ?
– ಆಯ್ಕೆ ಸಮಿತಿಗೆ ಹೊಸದಾಗಿ ಬಂದವರು, ಮೈಸೂರು

ಉತ್ತರ: ಸ್ಲೈಡಿಗೆ ಹತ್ತು ನಿಮಿಷ ಕೊಟ್ಟು ನಿಲ್ಲಿಸಿ. ಉಳಿದ ಸಮಯವನ್ನು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಮೂರು ಪ್ರಶ್ನೆಗಳಿಗೆ ಇಡಿ.

ಮೊದಲನೆಯದು ಟ್ಯಾಂಕಿನದು. ‘ಮಾನಸಗಂಗೋತ್ರಿಯ ನಲ್ಲಿ ನೀರಿನಲ್ಲಿ 100 ಲೀಟರ್ ಕಡಲ ನೀರು ತಯಾರಿಸಿ, ಅದರಲ್ಲಿ ಜೀವಿ ಸಾಕಿ ತೋರಿಸಿ’ ಎನ್ನಿ. ಲವಣಾಂಶ 35 (ಲೀಟರಿಗೆ ಸುಮಾರು 35 ಗ್ರಾಂ) ಬೇಕಾದರೆ ಸುಮಾರು ಮೂರೂವರೆ ಕಿಲೋ ಸಮುದ್ರ ಲವಣದ ಮಿಶ್ರಣ ಬೇಕು ಎಂಬ ಲೆಕ್ಕ ಎಲ್ಲರಿಗೂ ಬರುತ್ತದೆ. ಕಿವಿಗೊಡಬೇಕಾದದ್ದು ಮುಂದಿನ ಮಾತಿಗೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಹಾಕಬೇಕು. ಜೀವಿ ಬಿಡುವ ಮೊದಲೇ ಲವಣ ಪೂರ್ತಿ ಕರಗಿ ಒಂದು ದಿನವಾದರೂ ಗಾಳಿಯಾಡಿರಬೇಕು. ಮಿಶ್ರಣ ತೇವ ಎಳೆದಿರಬಹುದಾದ್ದರಿಂದ ತೂಕವನ್ನೇ ನಂಬದೆ ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಬೇಕು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಕಾಯಬೇಕು. ಕಾಯದೆ ಜೀವಿ ಬಿಟ್ಟರೆ ಅಮೋನಿಯಾ ಏರಿ ಸಾಯುತ್ತವೆ. ಅಡುಗೆ ಉಪ್ಪು ಸಾಕು ಎಂದವರಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ನೆನಪಿಲ್ಲ ಎಂದರ್ಥ. ಕೊನೆಗೆ ಕೇಳಿ: ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು ಎರಡು ಇಂಚು ಇಳಿದಿದೆ, ಏನು ಸುರಿಯುತ್ತೀರಿ? ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಸಿಹಿನೀರನ್ನೇ ಸುರಿಯಬೇಕು. ಮತ್ತೆ ಉಪ್ಪುನೀರು ಹಾಕುತ್ತೇನೆ ಎಂದವರು ಟ್ಯಾಂಕನ್ನು ಸ್ವತಃ ನೋಡಿಕೊಂಡವರಲ್ಲ.

ಎರಡನೆಯದು ಕೈಕೆಲಸ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕೆ ಬಾಟಲಿ, ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಇಟ್ಟು ನೋಡುತ್ತಾ ಕುಳಿತುಕೊಳ್ಳಿ. ಬಾಟಲಿಯನ್ನು ತುಂಬಿ ಹರಿಯುವಂತೆ ತುಂಬುತ್ತಾರೋ, ಪಿಪೆಟ್ಟಿನ ತುದಿ ನೀರಿನೊಳಗೆ ಇರುತ್ತದೋ, ಮುಚ್ಚಳ ಹಾಕಿದಾಗ ಗುಳ್ಳೆ ಸಿಕ್ಕಿಕೊಂಡರೆ ಚೆಲ್ಲಿ ಮತ್ತೆ ಮಾಡುತ್ತಾರೋ ನೋಡಿ. ಗುಳ್ಳೆಯಲ್ಲಿರುವ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿ ಉತ್ತರ ಹೆಚ್ಚಾಗಿ ಬರುತ್ತದೆ. ಐದು ನಿಮಿಷದಲ್ಲಿ ಕೈಯ ಪಳಗು ತಿಳಿದುಹೋಗುತ್ತದೆ. ಛೇದನದ ಪರೀಕ್ಷೆ ಇಡಬೇಡಿ, ಅದನ್ನು ಕೈಬಿಡಲು ಯುಜಿಸಿ ಹೇಳಿ ವರ್ಷಗಳೇ ಆದವು.

ಮೂರನೆಯದು ಪ್ರವಾಸದ ಯೋಜನೆ. ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಸುಮಾರು 250 ಕಿ.ಮೀ. ಸೆಮಿಸ್ಟರಿನ ರಜೆ ನೋಡಿ ದಿನ ಗೊತ್ತುಮಾಡುವವರಿದ್ದಾರೆ. ಬಸ್ಸು ಇಳಿಯುವ ಹೊತ್ತಿಗೆ ಉಬ್ಬರವಿದ್ದರೆ ಬಂಡೆಯ ಮೇಲಿನ ಜೀವಿಗಳೆಲ್ಲ ನೀರಿನಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತವನ್ನು ಉಬ್ಬರವಿಳಿತದ ಪಟ್ಟಿಯಲ್ಲಿ ಗುರುತಿಸಿ, ನೀರು ತೀರಾ ಕೆಳಗಿಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆಯ ಬಳಿ ಇರುತ್ತೇವೆ ಎಂದು ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನಲ್ಲಿ ನೋಡಲು ಮೀನೂ ಇರುವುದಿಲ್ಲ, ಮಳೆಗಾಲದ ಕಡಲು ಮಕ್ಕಳನ್ನು ಇಳಿಸುವಂಥದ್ದೂ ಅಲ್ಲ. ಹವಳ, ಸಮುದ್ರ ಸೌತೆ, ಕಡಲ್ಗುದುರೆಗಳನ್ನು ವಸ್ತುಸಂಗ್ರಹಕ್ಕೆಂದು ತರುತ್ತೇನೆ ಎಂದವರಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೊತ್ತಿಲ್ಲ. ಅವು ಆ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು, ವಿಭಾಗಕ್ಕೇ ಮೊಕದ್ದಮೆ ತರುತ್ತಾರೆ. ಈ ಉತ್ತರ ಬಂದರೆ ನಾವಾದರೆ ಮುಂದೆ ಹೋಗುವುದಿಲ್ಲ.

ಪ್ರಶ್ನೆ: ಶುರುವಿನ ಸಂಬಳ ಎಷ್ಟು? – ಮದ್ದೂರು

ಉತ್ತರ: ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಅಕಾಡೆಮಿಕ್ ಲೆವೆಲ್ 10, ಮೂಲವೇತನ 57,700 ರೂಪಾಯಿ, ಭತ್ಯೆಗಳು ಬೇರೆ. ಅತಿಥಿ ಉಪನ್ಯಾಸಕರಿಗೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಅರ್ಹತೆ ಇದ್ದೂ ಅರ್ಜಿ ತಿರಸ್ಕೃತವಾಗುವುದು ಯಾವುದಕ್ಕೆ? – ಶ್ರೀರಂಗಪಟ್ಟಣ

ಉತ್ತರ: ಹೆಚ್ಚಾಗಿ ದಿನಾಂಕಕ್ಕೆ. ಅರ್ಜಿಯ ಕೊನೆಯ ದಿನಕ್ಕೆ ಪಿಎಚ್.ಡಿ. ಘೋಷಣೆಯಾಗಿರಬೇಕು. ಪ್ರಬಂಧ ಸಲ್ಲಿಸಿದ ರಸೀದಿ, ಮೌಖಿಕ ಪರೀಕ್ಷೆಯ ಪತ್ರ ಸಾಲದು. ನೆಟ್ ಇಲ್ಲದೆ ಪಿಎಚ್.ಡಿ. ಮೇಲೆಯೇ ಅರ್ಜಿ ಹಾಕುವವರು ಅದು ಯುಜಿಸಿಯ 2009 ಅಥವಾ 2016ರ ನಿಯಮದಂತೆ ಬಂದದ್ದೆಂಬ ದೃಢೀಕರಣವನ್ನು ತಮ್ಮ ವಿಶ್ವವಿದ್ಯಾಲಯದಿಂದ ತಂದಿಟ್ಟುಕೊಳ್ಳಬೇಕು; ಕುಲಸಚಿವರ ಕಚೇರಿಯಲ್ಲಿ ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಎಂ.ಎಸ್ಸಿ.ಯಲ್ಲಿ ಶೇ 55 ಬೇಕು, ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು ಮತ್ತು ಅಂಗವಿಕಲರಿಗೆ ಶೇ 50. ಸಿಜಿಪಿಎ ಇದ್ದವರು ಶೇಕಡಾವಾರು ಪರಿವರ್ತನೆಯ ಪತ್ರ ಲಗತ್ತಿಸಿ, 5.4 ಎಂಬ ಅಂಕಿಯನ್ನು ತಾವೇ 54 ಎಂದು ಬರೆದುಕೊಳ್ಳಬೇಡಿ. ಬೋಧನಾನುಭವಕ್ಕೆ ಪ್ರಾಂಶುಪಾಲರ ಪತ್ರದ ಜೊತೆ ನೇಮಕಾತಿ ಆದೇಶ ಮತ್ತು ಸಂಬಳ ಬ್ಯಾಂಕಿಗೆ ಬಂದ ದಾಖಲೆ ಎರಡನ್ನೂ ಇಡಿ.