ಇಂಗ್ಲಿಷ್ ಸಾಕಾ ಅಂತ ಕೇಳಿದ್ದೀಯಲ್ಲ

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ಸಲುಗೆಯಿಂದ ನೀನು ಅಂತಲೇ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಎಕ್ಸ್‌ಚೇಂಜ್ ಮೇಲೆ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿರುವ ಎನ್‌ಟಿಎನ್‌ಯು ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದೀಯ. ಪಾಠ ಇಂಗ್ಲಿಷಿನಲ್ಲೇ ಇರುವಾಗ ನಾರ್ವೇಜಿಯನ್ ಯಾಕೆ ಕಲಿಯಬೇಕು, ಇಲ್ಲಿನವರು ಯಾರ ಜೊತೆಗೂ ಬೆರೆಯುವುದಿಲ್ಲವಂತೆ ನಿಜವಾ ಅಂತ ಕೇಳಿದ್ದೀಯ. ಎರಡೂ ಒಂದೇ ಪ್ರಶ್ನೆ ಅಂತ ನನಗನಿಸುತ್ತದೆ.

ದಿನ ಕಳೆಯುವುದಕ್ಕೆ ಇಂಗ್ಲಿಷ್ ಸಾಕು. ಅಂಗಡಿ, ಬಸ್ಸು, ಬ್ಯಾಂಕು ಎಲ್ಲಾ ನಡೆಯುತ್ತದೆ. ಆದರೆ ಹಾಸ್ಟೆಲ್ ಅಡುಗೆಮನೆಯಲ್ಲಿ ನಾಲ್ಕು ಜನ ನಾರ್ವೆಯವರು ಕೂತಿದ್ದರೆ, ನಿನಗೋಸ್ಕರ ಸ್ವಲ್ಪ ಹೊತ್ತು ಇಂಗ್ಲಿಷ್ ಮಾತಾಡಿ, ಆಮೇಲೆ ತಮಗೇ ಗೊತ್ತಾಗದ ಹಾಗೆ ತಮ್ಮ ಭಾಷೆಗೆ ಹೊರಳುತ್ತಾರೆ. ನಗು, ತಮಾಷೆ, ಭಾನುವಾರದ ಪ್ಲಾನ್ ಎಲ್ಲಾ ಆ ಮಾತಿನಲ್ಲೇ ಇರುತ್ತದೆ. ಅದಕ್ಕೆ ಕಲಿ.

ಊರಲ್ಲಿದ್ದಾಗಲೇ ಶುರು ಮಾಡು. ಎನ್‌ಟಿಎನ್‌ಯುನದ್ದೇ ಉಚಿತ ಆನ್‌ಲೈನ್ ಕೋರ್ಸ್ ಇದೆ, ಚೆನ್ನಾಗಿದೆ. ಅಲ್ಲಿ ಕಲಿಸುವುದು ಬುಕ್‌ಮೋಲ್, ಅಂದರೆ ನಾರ್ವೇಜಿಯನ್ ಬರೆಯುವ ಎರಡು ರೂಪಗಳಲ್ಲಿ ಒಂದು. ಇನ್ನೊಂದು ನ್ಯೂನೋರ್ಸ್ಕ್. ಮಾತಿಗೆ ಬಂದರೆ ಎಲ್ಲರದೂ ಅವರವರ ಊರಿನ ಭಾಷೆ. ‘ನಾನು’ ಅನ್ನುವುದಕ್ಕೆ ‘ಯಾಯ್’ ಅಂತ ಕಲಿತು ಬಂದಿರುತ್ತೀಯ, ಟ್ರಾಂಡ್‌ಹೈಮ್‌ನವರು ‘ಆ್ಯ’ ಅನ್ನುತ್ತಾರೆ. ಮೊದಲ ವಾರ ಏನೂ ಅರ್ಥವಾಗದಿದ್ದರೆ ಗಾಬರಿಯಾಗಬೇಡ. ಧಾರವಾಡದ ಮಾತು ಮಂಗಳೂರಿನವರಿಗೆ ಕಿವಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು, ಅಲ್ವಾ? ಇಲ್ಲಿ ಪಾರ್ಲಿಮೆಂಟಿನಲ್ಲೂ ಜನ ತಮ್ಮ ಊರಿನ ಮಾತೇ ಆಡುತ್ತಾರೆ. ಹಾಗಾಗಿ ನಿನ್ನ ಉಚ್ಚಾರಣೆ ಬೇರೆ ಅಂತ ಸುಮ್ನೆ ಸಂಕೋಚಪಡಬೇಡ. ಅವರು ಇಂಗ್ಲಿಷಿಗೆ ತಿರುಗಿದರೆ, ‘ಕಲಿಯುತ್ತಿದ್ದೇನೆ, ನಾರ್ವೇಜಿಯನ್‌ನಲ್ಲೇ ಹೇಳಿ’ ಅಂತ ಕೇಳು. ಖುಷಿಯಿಂದ ಹೇಳುತ್ತಾರೆ.

ಒಂದು ಮೊದಲೇ ತಿಳಿದಿರಲಿ. ಎಷ್ಟೋ ಜನ ‘ಯಾ’ ಅನ್ನುವುದನ್ನು ಉಸಿರು ಒಳಗೆಳೆದು ಹೇಳುತ್ತಾರೆ. ಏನೋ ಕಂಡು ಬೆಚ್ಚಿದ ಹಾಗೆ ಕೇಳಿಸುತ್ತದೆ. ನಿನ್ನ ಮಾತಿಗೆ ಹೌದು ಅಂದಿದ್ದಾರೆ, ಅಷ್ಟೇ. ನೀನು ಮುಂದುವರಿಸು.

ಇನ್ನು ಬೆರೆಯುವ ವಿಷಯ. ಬಸ್ಸಿನಲ್ಲಿ ಬೇರೆ ಸೀಟು ಖಾಲಿ ಇದ್ದರೆ ನಿನ್ನ ಪಕ್ಕ ಯಾರೂ ಕೂರುವುದಿಲ್ಲ. ಪಕ್ಕದ ಮನೆಯವರು ತಾವಾಗಿ ಬಾಗಿಲು ತಟ್ಟುವುದಿಲ್ಲ. ಇದು ಬಿಗುಮಾನ ಅಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡದೆ ಇರುವುದೇ ಇವರಿಗೆ ಮರ್ಯಾದೆ. ಕೈಯಲ್ಲಿ ಕೆಲಸ ಇದ್ದರೆ ಮಾತ್ರ ಮಾತು ತಾನಾಗಿ ಬರುತ್ತದೆ. ಅದಕ್ಕೇ ದುಗ್ನಾದ್‌ಗೆ ಕರೆದರೆ ತಪ್ಪಿಸಬೇಡ. ವಠಾರದವರೋ ಕ್ಲಬ್ಬಿನವರೋ ಸೇರಿ, ದುಡ್ಡು ತೆಗೆದುಕೊಳ್ಳದೆ ಮಾಡುವ ಕೆಲಸ ಅದು. ನಮ್ಮ ಕಟ್ಟಡದಲ್ಲಿ ವಸಂತ ಬಂದಾಗ ಹಿಮದಡಿಯ ಕೊಳೆತ ಎಲೆ ಗೋರಿ, ಮೆಟ್ಟಿಲಿನ ಜಲ್ಲಿ ಗುಡಿಸುತ್ತೇವೆ. ಆಮೇಲೆ ಕಾಫಿ, ಕಂದು ಚೀಸ್ ಹಾಕಿದ ವಾಫಲ್. ಎದುರು ಮನೆಯ ಅಜ್ಜ ನನ್ನ ಊರು ಯಾವುದು ಅಂತ ಕೇಳಿದ್ದು ಅಂಥ ಒಂದು ದಿನವೇ. ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ!

ಉಳಿದದ್ದು ಬೇಗ ಅಭ್ಯಾಸವಾಗುತ್ತದೆ. ಚಪ್ಪಲಿ, ಶೂ ಬಾಗಿಲಲ್ಲೇ ಬಿಟ್ಟು ಮನೆಯೊಳಗೆ ಹೋಗುವುದು ನಮ್ಮ ಹಾಗೆಯೇ. ಪ್ರೊಫೆಸರನ್ನು ಹೆಸರು ಹಿಡಿದೇ ಕರೆಯಬೇಕು. ಊಟವಾದ ಮೇಲೆ ‘ತಕ್ ಫೊರ್ ಮಾತೆನ್’, ಅಂದರೆ ಊಟಕ್ಕೆ ಥ್ಯಾಂಕ್ಸ್ ಅಂತ ಅಡುಗೆ ಮಾಡಿದವರಿಗೆ ಹೇಳು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೋ. ಡಿಸೆಂಬರಿನಲ್ಲಿ ಬೆಳಗ್ಗೆ 10ಕ್ಕೆ ಹುಟ್ಟಿದ ಸೂರ್ಯ ಮಧ್ಯಾಹ್ನ 2.30ಕ್ಕೆಲ್ಲ ಮುಳುಗುತ್ತಾನೆ. ಆಗ ರೂಮಿನಲ್ಲೇ ಕೂರಬೇಡ, ಬೆಳಕಿದ್ದಾಗ ಹೊರಗೆ ನಡೆ.

ಟಿಕೆಟ್ ತೆಗೆಯುವ ಮೊದಲು ಫಡ್ಡರ್ ವಾರದ ತಾರೀಖು ನೋಡಿಕೋ. ಸೀನಿಯರ್‌ಗಳು ಹೊಸಬರನ್ನು ಗುಂಪು ಮಾಡಿಕೊಂಡು ಊರು ಸುತ್ತಿಸುವುದು ಆಗಲೇ. ಅದಕ್ಕಿಂತ ಮುಂಚೆ ಬಂದು ಸೇರು.