ಥೀಸಿಸ್ ಫೈಲ್ ಕೆಟ್ಟೈತಿ, ಸೋಮವಾರ ಮೇಡಮ್ಮಾರು ಬರ್ತಾರ!

ಪ್ರಶ್ನೆ: ನಮಸ್ಕಾರ್ರಿ ಸರ್. ಜಮಖಂಡಿಯೊಳಗ ನಂದೊಂದು ಟೈಪಿಂಗ್ ಅಂಗಡಿ ಐತ್ರಿ. ಮೇಡಮ್ಮಾರೊಬ್ರದು ಪಿಎಚ್‌ಡಿ ಥೀಸಿಸ್, 180 ಪುಟ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ್ಯಾಗ ಟೈಪ್ ಮಾಡಿ ಪೆನ್‌ಡ್ರೈವ್‌ನ್ಯಾಗ ಇಟ್ಟಿದ್ದೆ, ಅದರಾಗ ಸೇವ್ ಮಾಡಾಕತ್ತಾಗ ಕರೆಂಟ್ ಹೋತು. ಈಗ ತೆಗೆದ್ರ ಫೈಲ್ ಕರಪ್ಟ್ ಅಂತೈತಿ, ಒಮ್ಮೊಮ್ಮೆ ವರ್ಡ್ ತಾನಾ ಮುಚ್ಕೋತೈತಿ. ಹೆಂಗೋ ತೆಗೆದ್ರೂ ಬರೇ ಇಂಗ್ಲಿಷ್ ಅಕ್ಷರ ಕಾಣಸ್ತಾವ. ಏನ್ ಮಾಡ್ಲಿ?

ಉತ್ತರ: ಮೊದಲ ಆ ಪೆನ್‌ಡ್ರೈವ್ ಫೈಲ್ ಮತ್ತ ಮತ್ತ ತೆಗಿಯೂದು ಬಿಡ್ರಿ. ಡೆಸ್ಕ್‌ಟಾಪಿಗೆ ಎರಡು ಕಾಪಿ ಹಾಕ್ಕೊಂಡು, ಏನ್ ಮಾಡಿದ್ರೂ ಕಾಪಿ ಮ್ಯಾಲ ಮಾಡ್ರಿ. ಡಬಲ್ ಕ್ಲಿಕ್ ಬ್ಯಾಡ, ಖಾಲಿ ವರ್ಡ್ ತೆಗೆದು ಫೈಲ್, ಓಪನ್, ಬ್ರೌಸ್‌ಗೆ ಹೋಗಿ ಫೈಲ್ ಆರಿಸಿ, ಓಪನ್ ಬಟನ್ ಬಾಜೂಕಿನ ಸಣ್ಣ ಬಾಣ ಒತ್ರಿ, 'ಓಪನ್ ಆ್ಯಂಡ್ ರಿಪೇರ್' ಅಂತ ಐತಿ. ಭಾಳ ಮಂದಿ ಆ ಬಾಣ ನೋಡಿರೂದಿಲ್ಲ.

ಬರ್ಲಿಲ್ಲಂದ್ರ ಲಿಬ್ರೆಆಫೀಸ್ ರೈಟರ್‌ನ್ಯಾಗ ತೆಗೀರಿ, ಫುಕಟ್ ಸಿಗ್ತೈತಿ, ವರ್ಡ್ ಒಲ್ಲೆ ಅಂದಿದ್ದು ಒಮ್ಮೊಮ್ಮೆ ಅದು ತೆಗೀತೈತಿ. ಅದೂ ಆಗ್ಲಿಲ್ಲಂದ್ರ, 2007ರ ವರ್ಡ್‌ನಿಂದ ಬಂದ ಡಾಕ್ಸ್ (.docx) ಫೈಲ್ ಅಂದ್ರ ಒಂದು ಜಿಪ್ ಗಂಟು ಅಷ್ಟ, ಕಾಪಿಯ ಹೆಸರಿನ ಕೊನೀಗೆ ಡಾಕ್ಸ್ ತೆಗೆದು ಜಿಪ್ (.zip) ಅಂತ ಬರೆದು ಬಿಚ್ರಿ, ಒಳಗ ವರ್ಡ್ ಫೋಲ್ಡರ್, ಅದರಾಗ ಮೀಡಿಯಾ ಅಂಬೋದ್ರಾಗ ಫೋಟೋ, ಡಾಕ್ಯುಮೆಂಟ್ ಎಕ್ಸ್‌ಎಂಎಲ್‌ನ್ಯಾಗ ಪೂರಾ ಮಜಕೂರು ಇರ್ತೈತಿ. ಜಿಪ್ಪಿನ ಒಳಗ ಏನೇನೈತಿ ಅನ್ನೋ ಪಟ್ಟಿ ಇರೂದು ಫೈಲಿನ ಬಾಲಕ್ಕ, ನಡುವ ಕರೆಂಟ್ ಹೋದ್ರ ಆ ಬಾಲಾನ ಬರೆಯೂದಿಲ್ಲ, ಅದಕ್ಕ ಗಂಟು ಬಿಚ್ಚಾಕ ಬರೂದಿಲ್ಲ. ಆವಾಗ ವರ್ಡ್‌ನ ಓಪನ್ ಡೈಲಾಗ್‌ನ್ಯಾಗ ಫೈಲ್ ನಮೂನಿ ಆರಿಸೋ ಪಟ್ಟಿಯಿಂದ 'ರಿಕವರ್ ಟೆಕ್ಸ್ಟ್ ಫ್ರಮ್ ಎನಿ ಫೈಲ್' ಆರಿಸಿ ನೋಡ್ರಿ, ಫೋಟೋ ಫಾರ್ಮ್ಯಾಟಿಂಗ್ ಹೋಗ್ತೈತಿ, ಅಕ್ಷರ ಉಳಿದ್ರೂ ಉಳೀಬಹುದು.

ಇಂಗ್ಲಿಷ್ ಅಕ್ಷರ ಬಂತಂತ ಹೌಹಾರಬ್ಯಾಡ್ರಿ, ಅದು ಕರಪ್ಟ್ ಅಲ್ಲ! ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಚಿತ್ರ ಕುಂದ್ರಿಸಿದವು, ಫಾಂಟ್ ಹೆಸರು ಉದುರಿತು ಅಂದ್ರ ಅಡಿಯಾಗಿನ ಇಂಗ್ಲಿಷ್ ಬಯಲಾಗ್ತೈತಿ. ಕಂಟ್ರೋಲ್ ಎ ಒತ್ತಿ ಟೈಪ್ ಮಾಡಿದ ನುಡಿ ಫಾಂಟ್ ಕೊಡ್ರಿ, ಕನ್ನಡ ಬರ್ತೈತಿ. ಆದ್ರ ಥೀಸಿಸ್‌ನ್ಯಾಗ ನಿಜವಾಗೂ ಇಂಗ್ಲಿಷ್ ಇದ್ದಲ್ಲಿ ಕನ್ನಡದ ಕಲಸುಮೇಲೋಗರ ಆಗಿರ್ತೈತಿ, ಅದನ್ನ ಕೈಯಿಂದಾನ ತಿದ್ದಬೇಕು. ಬಾಗಲಕೋಟಿ ನವನಗರದಾಗ ನಾನೂ ಇದನ್ನ ಮಾಡಿ ರಾತ್ರಿ ಎಚ್ಚರಿದ್ದಾಂವ, ಮುಂದ ಕನ್ನಡಕ್ಕ ತನ್ನದ ಜಾಗಾ ಇರೋ ಯುನಿಕೋಡ್‌ನ್ಯಾಗ ಟೈಪ್ ಮಾಡ್ರಿ.

ವರ್ಡ್ ಮುಚ್ಕೊಳ್ಳೂದಕ್ಕ ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ತೆಗೀರಿ, ಸೇಫ್ ಮೋಡ್ ಕೇಳ್ತೈತಿ. ಅದರಾಗ ವರ್ಡ್ ಮುಚ್ಕೊಳ್ಳಲಿಲ್ಲಂದ್ರ ಯಾವುದೋ ಆ್ಯಡ್-ಇನ್ (ವರ್ಡ್‌ಗೆ ಜೋಡಿಸಿದ ಸಣ್ಣ ಪ್ರೋಗ್ರಾಮ್) ಕಾಟ, ಆಪ್ಷನ್ಸ್‌ನ್ಯಾಗ ಬಂದ್ ಮಾಡ್ರಿ. ಕೆಲಸ ನಡೆದಾಗ ವರ್ಡ್ ತಾನಾ ಕಾಪಿ ಇಟ್ಕೊಳ್ಳೋ ಆಟೋರಿಕವರ್ 10 ನಿಮಿಷಕ್ಕ ಇರ್ತೈತಿ, 2ಕ್ಕ ಇಳಸ್ರಿ. ಸೋಮವಾರ ಫೈಲ್ ಕೊಡೂ ಮುಂದ ಕೋಷ್ಟಕ, ಅಡಿಟಿಪ್ಪಣಿ ಎಲ್ಲಾ ಮೇಡಮ್ಮಾರ ಎದುರಿಗೇ ಕುಂತು ತೋರಿಸಿ ಕೊಡ್ರಿ.