ಅಲಬಾಮದ ಆ ಗಟ್ಟಿ ದನಿಗಳು

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ ಅಮೆರಿಕದ ಸಮೂಹ ಗಾಯನದ ಎರಡು ಧ್ವನಿಮುದ್ರಿಕೆಗಳನ್ನು ಕೇಳಿ ಎಂದಿದ್ದಿರಿ. ಸಂಗೀತ ರಚನಕಾರ ರ‍್ಯಾಂಡಲ್ ಥಾಂಪ್ಸನ್ನರ ‘ಅಲೆಲೂಯ’ ಹಿಡಿಸಿತು. ಆದರೆ ಅಲಬಾಮದ ‘ಸೇಕ್ರೆಡ್ ಹಾರ್ಪ್’ ಎಂಬ ಕ್ರೈಸ್ತ ಭಕ್ತಿಗಾಯನದಲ್ಲಿ ಎಲ್ಲರೂ ಕಿರುಚುತ್ತಾರೆ. ಮೊದಲ ಸುತ್ತಿನಲ್ಲಿ ಮಾತೇ ತಿಳಿಯುವುದಿಲ್ಲ, ಮಟ್ಟು ಎಲ್ಲಿದೆಯೋ ಗೊತ್ತಾಗುವುದಿಲ್ಲ. ಇದನ್ನು ಕೇಳುವುದು ಹೇಗೆ?”

ಸಂಪಾದಕರ ಉತ್ತರ:

ಆ ಮುದ್ರಿಕೆಯನ್ನು ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1959ರಲ್ಲಿ ಅಲಬಾಮದ ಫೈಫ್ ಎಂಬ ಊರಿನಲ್ಲಿ ಮಾಡಿಕೊಂಡರು. ಅದು ಕೇಳುಗರಿಗೆಂದು ಏರ್ಪಡಿಸಿದ ಕಚೇರಿಯಲ್ಲ. ಬಂದವರು ಹಾಡಲೆಂದೇ ಬಂದವರು. ಮೇಲಿನ ದನಿಯಿಂದ ಕೆಳಗಿನ ದನಿಯವರೆಗೆ ಟ್ರೆಬಲ್, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಗುಂಪಾಗಿ, ಚೌಕದ ನಾಲ್ಕು ಬದಿಗೆ ಬೆಂಚು ಹಾಕಿಕೊಂಡು ಒಳಮುಖವಾಗಿ ಕೂರುತ್ತಾರೆ. ಸರದಿಯಂತೆ ಒಬ್ಬೊಬ್ಬರು ನಡುವೆ ಬಂದು ನಿಂತು, ತಮಗೆ ಬೇಕಾದ ಹಾಡನ್ನು ಹೇಳಿ, ಕೈಯನ್ನು ಮೇಲೆ ಕೆಳಗೆ ಆಡಿಸುತ್ತ ನಡೆಸುತ್ತಾರೆ. ವಾದ್ಯವಿಲ್ಲ. ಯಾರನ್ನೂ ಮೆಚ್ಚಿಸಬೇಕಿಲ್ಲದ ಕಾರಣ ದನಿಯನ್ನು ನಯಗೊಳಿಸುವ ಗೋಜೂ ಇಲ್ಲ. ನಿಮಗೆ ಕಿರುಚಾಟ ಎನಿಸಿದ್ದು ತುಂಬುಗಂಟಲಿನ ಹಾಡಿಕೆ. ನನಗೆ ಅದರ ಜೀವವೇ ಅಲ್ಲಿದೆ.

ಮೊದಲ ಸುತ್ತಿನಲ್ಲಿ ಅವರು ಹಾಡುವುದು ಸ್ವರಾಕ್ಷರಗಳನ್ನು: ಫಾ, ಸೋಲ್, ಲಾ, ಮಿ. ಜಾರ್ಜಿಯದ ಬಿ.ಎಫ್. ವೈಟ್ ಮತ್ತು ಇ.ಜೆ. ಕಿಂಗ್ 1844ರಲ್ಲಿ ಹೊರತಂದ ‘ಸೇಕ್ರೆಡ್ ಹಾರ್ಪ್’ ಎಂಬ ಹಾಡಿನ ಪುಸ್ತಕದಿಂದಲೇ ಈ ಗಾಯನಕ್ಕೆ ಆ ಹೆಸರು; ಅದರಲ್ಲಿ ಒಂದೊಂದು ಸ್ವರದ ಗುರುತಿಗೂ ಒಂದೊಂದು ಆಕಾರ: ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರಾಕಾರ. ಆಕಾರ ಗುರುತಿಸಿದರೆ ಸಾಕು, ಸಂಗೀತಶಾಲೆಯ ಮೆಟ್ಟಿಲು ಹತ್ತದವರೂ ಹಾಡಬಹುದು. ನಮ್ಮಲ್ಲೂ ಗೀತೆ ಕಲಿಸುವಾಗ ಮೊದಲು ಸ್ವರ, ಆಮೇಲೆ ಸಾಹಿತ್ಯ ತಾನೆ? ಆದರೆ ಇಲ್ಲಿ ನಾಲ್ಕು ಗುಂಪಿಗೆ ನಾಲ್ಕು ಬೇರೆ ಬೇರೆ ಸ್ವರಪಂಕ್ತಿ, ಎಲ್ಲವೂ ಒಟ್ಟೊಟ್ಟಿಗೆ. ಹಾಗಾಗಿ ಗದ್ದಲದಂತೆ ಕೇಳುತ್ತದೆ.

ಇನ್ನು ಮಟ್ಟಿನ ವಿಚಾರ. ನೀವು ಎಲ್ಲಕ್ಕಿಂತ ಮೇಲಿನ ದನಿಯ ಬೆನ್ನು ಹತ್ತಿರಬೇಕು. ಇತರ ಅನೇಕ ಸಮೂಹ ಗಾಯನಗಳಲ್ಲಿ ಮಟ್ಟು ಅಲ್ಲೇ ಸಿಗುತ್ತದೆ. ಇಲ್ಲಿ ಅದು ಇರುವುದು ಟೆನರ್ ಸಾಲಿನಲ್ಲಿ, ಅಂದರೆ ಒಳಗೆ. ಗಂಡಸರೂ ಹೆಂಗಸರೂ ಆ ಸಾಲನ್ನು ಒಂದು ಸ್ಥಾಯಿಯ ಅಂತರದಲ್ಲಿ ಕೂಡಿ ಹಾಡುತ್ತಾರೆ. ಒಮ್ಮೆ ಅದು ಕಿವಿಗೆ ಸಿಕ್ಕಿತೆಂದರೆ ಮಿಕ್ಕ ಮೂರು ಸಾಲುಗಳು ಅದರ ಸುತ್ತ ಹೇಗೆ ನಡೆಯುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ.

‘ಅಲೆಲೂಯ’ ನನಗೂ ಪ್ರಿಯ. 1940ರ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್‌ನಲ್ಲಿ ಬರ್ಕ್‌ಶೈರ್ ಸಂಗೀತ ಕೇಂದ್ರದ ಉದ್ಘಾಟನೆಗೆಂದು ವಾದ್ಯವೃಂದದ ನಿರ್ದೇಶಕ ಕೂಸೆವಿಟ್ಸ್ಕಿ ಬರೆಸಿದ ಕೃತಿ ಅದು. ಸಂಭ್ರಮದ ಸಂದರ್ಭವೇ ಸರಿ, ಆದರೆ ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಯ ಕೈಗೆ ಬಿದ್ದು ಕೆಲವೇ ವಾರಗಳಾಗಿದ್ದವು. ಥಾಂಪ್ಸನ್ ಬರೆದದ್ದು ನಿಧಾನದ, ದುಃಖ ಬೆರೆತ ಸಂಗೀತ. ಕೊನೆಯ ‘ಆಮೆನ್’ ಬಿಟ್ಟರೆ ಇಡೀ ಕೃತಿಗೆ ‘ಅಲೆಲೂಯ’ (ದೇವರಿಗೆ ಸ್ತುತಿ) ಎಂಬ ಒಂದೇ ಪದ. ಅದು ಕೇಳುಗರನ್ನು ಎದುರಿಗೆ ಕೂರಿಸಿಕೊಂಡು ಹಾಡುವ ಸಂಗೀತ. ಅದರ ಅಳತೆಗೋಲನ್ನು ಅಲಬಾಮಕ್ಕೆ ಒಯ್ಯಬೇಡಿ.

ಮತ್ತೆ ಕೇಳುವಾಗ ‘ಫ್ಯೂಗಿಂಗ್ ಟ್ಯೂನ್’ ಜಾತಿಯ ಹಾಡೊಂದನ್ನು ಆರಿಸಿಕೊಳ್ಳಿ. ಅದರ ನಡುವೆ ಎಲ್ಲರೂ ಹಾಡುವುದನ್ನು ಒಮ್ಮೆ ನಿಲ್ಲಿಸಿ, ಸಾಮಾನ್ಯವಾಗಿ ಬಾಸ್ ಮೊದಲು, ಬಳಿಕ ಉಳಿದವರು ಒಬ್ಬರ ಹಿಂದೊಬ್ಬರು ಸೇರಿಕೊಳ್ಳುತ್ತಾರೆ. ನಾಲ್ಕು ಸಾಲುಗಳನ್ನು ಬಿಡಿಸಿ ಕೇಳಲು ಅದೇ ಸುಲಭದ ದಾರಿ. ಮೊಬೈಲಿನ ಸ್ಪೀಕರ್ ಬೇಡ, ಬಾಸ್ ದನಿಯೇ ಮಾಯವಾಗುತ್ತದೆ. ಲೋಮ್ಯಾಕ್ಸ್ ಸ್ಟೀರಿಯೊದಲ್ಲಿ ಮುದ್ರಿಸಿಕೊಂಡದ್ದರಿಂದ, ಹೆಡ್‌ಫೋನ್ ಹಾಕಿಕೊಂಡರೆ ಯಾವ ದನಿ ಯಾವ ಕಡೆಯಿಂದ ಬರುತ್ತಿದೆ ಎಂಬುದೂ ತಕ್ಕಮಟ್ಟಿಗೆ ತಿಳಿಯುತ್ತದೆ.